ಕಳ್ಳಿಮನೆಯ ಸಿಸ್ಟರ್

ಸಸ್ಯೋದ್ಯಾನದ ಕಳ್ಳಿಮನೆಯ ಗಾಜಿನಾಚೆ ಆ ಹೆಂಗಸನ್ನು ಮೊದಲ ಸಲ ಕಂಡಾಗ ಇದನ್ನು ಬರೆಯುತ್ತಿರುವವನ ಕಣ್ಣು ಒದ್ದೆಯಾದದ್ದು ನಿಜ. ಹಸಿರು ಏಪ್ರನ್ನು, ನೆರೆತ ತಲೆ, ಮರದ ಸ್ಟೂಲು. ಎದುರಿಗೆ ಒಂದೂವರೆ ಆಳೆತ್ತರದ ಪಾಪಾಸುಕಳ್ಳಿ. ಅದರ ಬುಡದತ್ತ ಬಾಗಿ, ತಲೆಯಾಡಿಸುತ್ತ ಆಕೆ ಏನೋ ಹೇಳುತ್ತಿದ್ದರು. ಗಾಜು ದಪ್ಪ, ತುಟಿ ಅಲುಗುವುದು ಕಾಣುತ್ತಿತ್ತೇ ಹೊರತು ಮಾತು ಕೇಳಿಸುತ್ತಿರಲಿಲ್ಲ. ಗಿಡದೊಡನೆ ಮಾತಾಡುವ ತಾಯಿಹೃದಯ ಎಂದು ಮನಸ್ಸು ಆಗಲೇ ಒಂದು ಲೇಖನಕ್ಕೆ ತಲೆಬರಹ ಹುಡುಕತೊಡಗಿತ್ತು. ಬಾಗಿಲು ತಳ್ಳಿದ್ದೇ ತಡ, ತಾಯಿಹೃದಯದ ದನಿ ಕಿವಿಗೆ ಅಪ್ಪಳಿಸಿತು.

"ಯಾವ ದರಿದ್ರದ ಕೈ ಇದು? ಸೇದಿಹೋಗ್ಲಿ ಆ ಕೈ! ಇಷ್ಟು ಹೇಳಿದ್ರೂ ಕಿವಿಗೆ ಬೀಳಲ್ಲ ಅಂದ್ರೆ ಕಿವಿ ಯಾಕೆ ಇಟ್ಕೊಂಡಿದ್ದೀರಿ, ಕನ್ನಡಕ ಸಿಕ್ಕಿಸೋಕಾ?" ಎಂದವರು ತಟ್ಟನೆ ತಿರುಗಿದರು. "ಯಾರ್ರೀ ನೀವು? ಕೈಯಲ್ಲಿರೋ ಬಾಟ್ಲಿ ಹೊರಗಿಟ್ಟು ಬನ್ನಿ. ಹಲ್ಲು ಬೇರೆ ಬಿಡ್ತಾ ನಿಂತಿದ್ದಾರೆ."

ತಲೆಬರಹ ಅಲ್ಲೇ ಸತ್ತಿತು. ಗಿಡವನ್ನು ಇಷ್ಟು ಬೈಯುವವರಿಗೆ ಅದನ್ನು ಸಾಕುವ ಉಸಾಬರಿ ಏಕೆ ಎಂಬ ಇನ್ನೊಂದು ತಪ್ಪು ತಿಳಿವಳಿಕೆಯನ್ನು ಗಂಟು ಕಟ್ಟಿಕೊಂಡು ಹೊರಬಂದದ್ದಾಯಿತು. ಆ ಗಂಟು ಬಿಚ್ಚಿದ್ದು ಬಹಳ ದಿನಗಳ ಮೇಲೆ.

ಆಕೆಯನ್ನು ಎಲ್ಲರೂ ಕರೆಯುವುದು ಸಿಸ್ಟರ್ ಎಂದೇ. ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸೆಯ ವಾರ್ಡಿಗೆ ನರ್ಸಾಗಿ ಸೇರಿ, ಅದೇ ವಾರ್ಡಿನ ಹೆಡ್ ಸಿಸ್ಟರ್ ಆಗಿ ನಿವೃತ್ತರಾದವರು. ಇಡೀ ಸೇವೆಯಲ್ಲಿ ಆಕೆ ಕಾದಾಡಿದ್ದು ರೋಗದ ಜೊತೆಗಲ್ಲ, ರೋಗಿಯ ಪ್ರೀತಿಯ ನೆಂಟರ ಜೊತೆಗೆ. ಈಗತಾನೆ ಹೊಟ್ಟೆ ಕೊಯ್ಯಿಸಿಕೊಂಡು ಬಂದವನಿಗೆ ಹನಿ ನೀರೂ ಕೊಡಬೇಡಿ ಎಂದರೆ ತಾಯಿಯೋ ಹೆಂಡತಿಯೋ ಚಿಕ್ಕಮ್ಮನೋ "ಒಂದೇ ಒಂದು ಗುಟುಕು ಸಿಸ್ಟರ್, ಬಾಯಿ ಒಣಗಿದೆ, ಪಾಪ" ಎನ್ನುತ್ತಿದ್ದರು. ಸಿಸ್ಟರ್ ಬೆನ್ನು ತಿರುಗಿಸಿದೊಡನೆ ಸೆರಗಿನ ಮರೆಯಿಂದ ಲೋಟ ಹೊರಬರುತ್ತಿತ್ತು. ಆಮೇಲೆ ವಾಂತಿ, ಹೊಲಿಗೆ ಬಿಚ್ಚಿಕೊಳ್ಳುವುದು, ರಾತ್ರಿಯೆಲ್ಲ ಓಡಾಟ. "ಪಾಪ ಅನ್ನೋದು ಒಂದು ಕಾಯಿಲೆ. ಅದು ಬರೋದು ನೆಂಟರಿಗೆ, ಸಾಯೋದು ರೋಗಿ" ಎಂಬುದು ಆಕೆ ಹೊಸ ನರ್ಸುಗಳಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠ.

ಆಸ್ಪತ್ರೆಯ ಸಿಟ್ಟು ಮನೆಗೂ ಬರುತ್ತಿತ್ತು. ಆದರೆ ಮನೆಯಲ್ಲಿ ಅದಕ್ಕೆ ಬೇರೆ ವ್ಯವಸ್ಥೆಯಿತ್ತು. ಗಂಡ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಚಿತ್ರದಲ್ಲಿ ಹುಲಿ ಬರೆದರೂ ಅದು ಕ್ಷಮೆ ಕೇಳುವಂತೆ ಕಾಣಬೇಕು, ಅಷ್ಟು ಮೆದು. ಸಿಸ್ಟರ್ ಬೈಯುವುದು, ಮೇಷ್ಟ್ರು ಹಿಂದೆಯೇ ಹೋಗಿ ಒಂದು ಲೋಟ ನೀರು ಕೊಟ್ಟು ಸಮಾಧಾನ ಮಾಡುವುದು. ಆ ಸಂಸಾರ ನಡೆದದ್ದೇ ಈ ಕೆಲಸದ ಹಂಚಿಕೆಯ ಮೇಲೆ. ಕಡಿಮೆ ಅಂಕ ತಂದ ಮಗಳಿಗೆ ನೀರು, ಸಿಲಿಂಡರನ್ನು ಮೆಟ್ಟಿಲ ಮೇಲೆ ದಡಬಡ ಉರುಳಿಸಿದವನಿಗೆ ನೀರು, ತಡವಾಗಿ ಬಂದ ಮೈದುನನಿಗೆ ನೀರು. "ಮನಸ್ಸಿಗೆ ಹಚ್ಕೋಬೇಡಪ್ಪ. ಅವಳ ಮಾತು ಒರಟು, ಮನಸ್ಸು ಒಳ್ಳೇದು" ಎಂದು ಲೋಟದ ಜೊತೆಗೆ ಒಂದು ಮಾತು. ನಲ್ಲಿ ರಿಪೇರಿಯವನಂತೂ ಒಳಗೆ ಬರುತ್ತಿದ್ದಂತೆಯೇ "ಮೇಷ್ಟ್ರೇ, ನೀರು ಮೊದಲೇ ಕೊಟ್ಬಿಡಿ, ಬೈಸ್ಕೊಂಡು ಹಾಗೇ ಹೊರಡ್ತೀನಿ" ಎನ್ನುತ್ತಿದ್ದ.

ನಿವೃತ್ತಿಯಾಯಿತು. ಪಿಂಚಣಿ ಬಂತು, ಆದರೆ ಸಿಟ್ಟಿಗೆ ಪಿಂಚಣಿ ಕೊಡುವವರಿಲ್ಲ. ಬೈಯಲು ಜನ ಸಾಲದೆ ಸಿಸ್ಟರ್ ಹಾಲಿನ ಪಾತ್ರೆಯನ್ನು, ಕಿಟಕಿಯ ಚಿಲಕವನ್ನು ಬೈಯತೊಡಗಿದರು. ಚಿಲಕಕ್ಕೆ ನೀರು ಕೊಡುವುದು ಹೇಗೆಂದು ತಿಳಿಯದ ಮೇಷ್ಟ್ರು, ಸಸ್ಯೋದ್ಯಾನಕ್ಕೆ ಸ್ವಯಂಸೇವಕರು ಬೇಕಾಗಿದ್ದಾರೆ ಎಂಬ ಪತ್ರಿಕೆಯ ತುಣುಕನ್ನು ಕತ್ತರಿಸಿ ತಂದು ಆಕೆಯ ಕಾಫಿ ಲೋಟದ ಕೆಳಗಿಟ್ಟರು.

ಉದ್ಯಾನದಲ್ಲಿ ಸ್ವಯಂಸೇವಕರದೊಂದು ಬಳಗವಿತ್ತು. ಅದಕ್ಕೊಬ್ಬ ಅಧ್ಯಕ್ಷರಿದ್ದರು. ಹಿಂದೆ ಯಾವುದೋ ಇಲಾಖೆಯ ದೊಡ್ಡ ಕುರ್ಚಿಯಲ್ಲಿ ಕೂತಿದ್ದವರು. ಕುರ್ಚಿ ಹೋಗಿದ್ದರೂ ಕೂತ ಭಂಗಿ ಉಳಿದಿತ್ತು. ಗುಲಾಬಿಗೆ ಗೊಬ್ಬರ ಹಾಕುವುದನ್ನೂ ಅವರು ಉದ್ಘಾಟಿಸುತ್ತಿದ್ದರು. "ನಗುತ್ತ ಹೇಳುತ್ತೇವೆ, ಕೇಳಿ" ಎಂದು ಬರೆದ ಬಿಲ್ಲೆಯನ್ನು ಎಲ್ಲರ ಏಪ್ರನ್ನಿಗೂ ಸಿಕ್ಕಿಸಿದವರು ಅವರೇ. ಸಿಸ್ಟರ್ ಅದನ್ನು ಏಪ್ರನ್ನಿನ ಒಳಮೈಗೆ ಸಿಕ್ಕಿಸಿಕೊಂಡರು.

ಮೊದಲ ವಾರ ಗುಲಾಬಿ ತೋಟಕ್ಕೆ ಹಾಕಿದರು. ಹೂವು ಕೀಳಲು ಹೋದ ಮದುಮಗಳೊಬ್ಬಳು ಸಿಸ್ಟರ ಬೈಗುಳಕ್ಕೆ ಫೋಟೋದ ಮಧ್ಯದಲ್ಲೇ ಅಳುತ್ತ ಓಡಿದಳು. ಆಮೇಲೆ ಯಾರಿಗೂ ಬೇಡದ ಕಳ್ಳಿಮನೆಗೆ ದೂಡಿದರು. "ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು" ಎಂದು ಅಧ್ಯಕ್ಷರು ಹಿಂದಿನಿಂದ ನಕ್ಕರಂತೆ. ಸಿಸ್ಟರಿಗೆ ಮಾತ್ರ ಆ ಜಾಗ ಕಂಡೊಡನೆ ಹಿಡಿಸಿಹೋಯಿತು. ಸಾಲಾಗಿ ಮಲಗಿಸಿದಂತೆ ಪಾತಿಗಳು, ಪ್ರತಿಯೊಂದಕ್ಕೂ ಹೆಸರಿನ ಚೀಟಿ, ಗಲಾಟೆಯಿಲ್ಲ, ಯಾರೂ ಕರೆಗಂಟೆ ಒತ್ತುವುದಿಲ್ಲ. ಇವು ನೆಂಟರಿಲ್ಲದ ರೋಗಿಗಳು ಎಂದು ಆಕೆ ಗಂಡನ ಹತ್ತಿರ ಹಿಗ್ಗಿ ಹೇಳಿದರು. ನಡುವಿನ ಹಿರಿಯ ಕಳ್ಳಿಯನ್ನು ಉದ್ಯಾನದವರೆಲ್ಲ ಅಜ್ಜ ಎನ್ನುತ್ತಿದ್ದರು. ತೊಡೆಗಾತ್ರದ ಕಂಬ, ಪಕ್ಕದಲ್ಲೊಂದು ಮೋಟು ಕೈ. "ಚಳಿ ಮುಗಿಯೋವರೆಗೆ ಇವಕ್ಕೆ ನೀರು ತೋರಿಸ್ಲೂಬಾರದು ಸಿಸ್ಟರ್. ನಿದ್ದೆ ಮಾಡ್ತಿರ್ತಾವೆ. ಬೇರಿಗೆ ನೀರು ಬಿದ್ರೆ ಕೊಳೆತುಹೋಗ್ತಾವೆ" ಎಂದು ಉದ್ಯಾನದ ಮೇಲ್ವಿಚಾರಕರು ಹೇಳಿಕೊಟ್ಟರು. ನೀರು ಕೊಡದಿರುವ ಕೆಲಸ! ಸಿಸ್ಟರ್ ಹುಟ್ಟಿದ್ದೇ ಅದಕ್ಕೆ.

ಚಳಿ ಶುರುವಾಗಿ ಸ್ವಲ್ಪ ದಿನಕ್ಕೆ ಒಂದು ಬೆಳಿಗ್ಗೆ ಅಜ್ಜನ ಬುಡಕ್ಕೆ ಬೆರಳಿಟ್ಟರೆ ಮಣ್ಣು ಒದ್ದೆ. ಚಾವಣಿ ನೋಡಿದರು, ಸೋರಿಲ್ಲ. ಪೈಪು ನೋಡಿದರು, ಒಡೆದಿಲ್ಲ. "ನೀರು ಹಾಕಬೇಡಿ" ಎಂದು ಕೆಂಪಕ್ಷರದ ಬೋರ್ಡು ನೆಟ್ಟರು. ಮಾರನೆಯ ದಿನ ಬೋರ್ಡಿನ ಕಾಲೂ ಒದ್ದೆ.

ಬಳಗದ ಸಭೆಯಲ್ಲಿ ಸಿಸ್ಟರ್ ಎದ್ದು ನಿಂತರು. "ಅಜ್ಜನಿಗೆ ನೀರು ಹಾಕ್ತಿರೋದು ಯಾರು?"

ಯೋಗ ಹೇಳಿಕೊಡುವಾಕೆ, ಬಹುಮಾನಕ್ಕೆ ಹೆಸರು ಕರೆದರೇನೋ ಎನ್ನುವಂತೆ ಕೈಯೆತ್ತಿದರು. "ನಾನು ಸಿಸ್ಟರ್. ಬೆಳಿಗ್ಗೆ ಬೆಳಿಗ್ಗೆ ಒಂದೇ ಒಂದು ಲೋಟ. ಯಾರೂ ನೋಡ್ಕೊಳ್ಳಲ್ವಲ್ಲ ಅದನ್ನ, ಪಾಪ."

"ಅಯ್ಯೋ, ನೀವೂನಾ?" ಎಂದರು ಬ್ಯಾಂಕಿನಿಂದ ನಿವೃತ್ತರಾದವರು, ದೂರದ ನೆಂಟರು ಸಿಕ್ಕಷ್ಟು ಖುಷಿಯಿಂದ. "ಸಾಯಂಕಾಲ ನಾನು ಹಾಕ್ತೀನಲ್ಲ! ನಂದೂ ಒಂದೇ ಲೋಟ."

"ನಾನು ಲೋಟಗೀಟ ಹಾಕೋನಲ್ಲ" ಎಂದು ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು. "ವಾಕಿಂಗ್ ಮುಗಿಸಿ ಬರುವಾಗ ಬಾಟಲಿಯಲ್ಲಿ ಉಳಿದದ್ದು, ಅಷ್ಟೇ. ಅಜ್ಜನಿಗೂ ನನಗೂ ಒಂದು ಸಂಬಂಧ ಇದೆ."

"ಬೋರ್ಡ್ ಇತ್ತಲ್ಲ! ಕಾಣ್ಲಿಲ್ವಾ?"

"ಇತ್ತು, ಓದಿದೆ" ಎಂದರು ಯೋಗದಾಕೆ. "ಅದು ಸಾರ್ವಜನಿಕರಿಗೆ ಅಲ್ವಾ?"

ಎಲ್ಲರೂ ನಕ್ಕರು. ತಮ್ಮ ಹಾಗೆಯೇ ಇನ್ನೊಬ್ಬರಿಗೂ ಹೃದಯವಿದೆ ಎಂದು ಗೊತ್ತಾಗಿ ಸಭೆಯಲ್ಲಿ ಒಂದು ಆತ್ಮೀಯತೆ ಹಬ್ಬಿತು. ಯಾರೋ ಬಿಸ್ಕತ್ತಿನ ತಟ್ಟೆ ಮುಂದೆ ಚಾಚಿದರು.

"ನಗ್ತೀರಾ?" ಸಿಸ್ಟರ್ ಮೇಜು ಗುದ್ದಿದ ರಭಸಕ್ಕೆ ಬಿಸ್ಕತ್ತು ಹಾರಿದವು. "ಎಲ್ರೂ ಸೇರಿ ಒಂದು ಜೀವ ಮುಳುಗಿಸ್ತಾ ಇದ್ದೀರಿ, ನಾಚಿಕೆ ಆಗಲ್ವಾ? ನಿಮಗೆ ಪ್ರೀತಿ ಉಕ್ಕಿ ಬಂದ್ರೆ ಮನೆಗೆ ಹೋಗಿ ನಿಮ್ಮನಿಮ್ಮ ತಲೆ ಮೇಲೆ ಹುಯ್ಕೊಳ್ಳಿ! ತಲೆಯಾದ್ರೂ ತಣ್ಣಗಾಗುತ್ತೆ!"

"ಸಿಸ್ಟರ್, ಕಾಳಜಿ ಸರಿ, ಧ್ವನಿ ಸರಿಯಿಲ್ಲ" ಎಂದರು ಅಧ್ಯಕ್ಷರು. ಆಕೆಯನ್ನು ಮುಂಬಾಗಿಲ ವಿಚಾರಣೆ ಕೌಂಟರಿಗೆ ಹಾಕಿದರೆ ಹೇಗೆ ಎಂಬ ಮಾತೂ ಬಂತು. ಬಂದವರೆಲ್ಲ ವಾಪಸ್ಸು ಹೋಗುತ್ತಾರೆಂದು ಅದನ್ನು ಕೈಬಿಟ್ಟರು. ಮೇಲ್ವಿಚಾರಕರು ಸಭೆಯಲ್ಲಿ ತುಟಿ ಬಿಚ್ಚಲಿಲ್ಲ. ಅವರಿಗೆ ಎಲ್ಲವೂ ಗೊತ್ತಿತ್ತು, ಇಲ್ಲ ಎನ್ನುವುದೊಂದನ್ನು ಬಿಟ್ಟು. ಸಭೆ ಮುಗಿದ ಮೇಲೆ ಕಳ್ಳಿಮನೆಯ ಬೀಗದ ಕೈಯನ್ನು ಸಿಸ್ಟರ ಅಂಗೈಯಲ್ಲಿಟ್ಟು, ಯಾರಾದರೂ ನೋಡಿದರೇನೋ ಎಂದು ಬೇಗಬೇಗ ನಡೆದುಬಿಟ್ಟರು.

ಅಂದಿನಿಂದ ಬಳಗದವರಿಗೆ ಕಳ್ಳಿಮನೆ ಬಂದ್. ಹೊರಗಿನವರು ಬರಬಹುದು, ಬಾಟಲಿ ಬಾಗಿಲಾಚೆ. ಆದರೂ ಅಜ್ಜನ ಬುಡದ ಮಣ್ಣು ಒಣಗಲಿಲ್ಲ. ಬೀಗ ನನ್ನ ಹತ್ತಿರ, ಕಾವಲು ನಾನು, ನೀರೆಲ್ಲಿಂದ? ಕಣ್ಣಿಗೆ ಕಾಣದ ಆ ಹೊಸ ಶತ್ರುವನ್ನು ಸಿಸ್ಟರ್ ಗಿಡದ ಮುಂದೆ ಕೂತು ದಿನವಿಡೀ ಶಪಿಸುತ್ತಿದ್ದರು. ಇದನ್ನು ಬರೆಯುತ್ತಿರುವವನು ಬಾಟಲಿ ಹಿಡಿದು ಒಳಗೆ ಕಾಲಿಟ್ಟದ್ದು ಅಂಥದೊಂದು ದಿನ.

ಮಧ್ಯಾಹ್ನಕ್ಕೆ ಮೇಷ್ಟ್ರು ಊಟದ ಡಬ್ಬಿ ತರುವುದು ರೂಢಿ. ಇಬ್ಬರೂ ಸ್ಟೂಲಿನ ಮೇಲೆ ಡಬ್ಬಿ ಬಿಚ್ಚಿ ಉಣ್ಣುವುದು, ಸಿಸ್ಟರ್ ಡಬ್ಬಿ ತೊಳೆಯಲು ಹೊರಗಿನ ನಲ್ಲಿಗೆ ಹೋಗುವುದು, ಮೇಷ್ಟ್ರು ಒಳಗೆ ಕಾಯುವುದು. ಒಂದು ದಿನ ನಲ್ಲಿಯಲ್ಲಿ ನೀರು ಬರಲಿಲ್ಲ. ನಲ್ಲಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿ ಸಿಸ್ಟರ್ ಬೇಗ ವಾಪಸ್ಸು ಬಂದರು. ಗಾಜಿನಾಚೆ ಮೇಷ್ಟ್ರು ಅಜ್ಜನ ಬುಡದಲ್ಲಿ ಬಗ್ಗಿದ್ದರು. ಊಟದ ಬಾಟಲಿ ಬೋರಲಾಗಿತ್ತು. ತುಟಿ ಅಲುಗುತ್ತಿತ್ತು. ಸಿಸ್ಟರ್ ಬಾಗಿಲು ತೆರೆದರು.

"...ಮನಸ್ಸಿಗೆ ಹಚ್ಕೋಬೇಡಪ್ಪ ಅಜ್ಜ. ಅವಳ ಮಾತು ಒರಟು, ಮನಸ್ಸು ಒಳ್ಳೇದು."

ಸಿಸ್ಟರ ಕೈಯಿಂದ ಡಬ್ಬಿ ಜಾರಿ ಉರುಳಿಕೊಂಡು ಹೋಗಿ ಪಾತಿಯ ಕಲ್ಲಿಗೆ ಬಡಿಯಿತು.

"ದಿನಾ ಅದರ ಮುಂದೆ ಕೂತು ಬೈತೀಯಲ್ಲೇ" ಎಂದು ಮೇಷ್ಟ್ರು ಬಾಟಲಿಯನ್ನು ಬೆನ್ನ ಹಿಂದೆ ಅಡಗಿಸಿದರು. "ಅದಕ್ಕೂ ಬೇಜಾರಾಗಲ್ವಾ? ಓಡಿಹೋಗೋಕೂ ಆಗಲ್ಲ ಅದಕ್ಕೆ. ಅದಕ್ಕೇ ಸ್ವಲ್ಪ..."

ಸಿಸ್ಟರ್ ಅವರನ್ನು ಪಕ್ಕಕ್ಕೆ ಸರಿಸಿ ಮಂಡಿಯೂರಿದರು. ಮಣ್ಣು ಕೆದಕಿ ಮುಳ್ಳುಗಳ ಸಂದಿಯಲ್ಲಿ ಹೆಬ್ಬೆರಳಿಂದ ಬುಡ ಒತ್ತಿದರು. ಬೆರಳು ಹಣ್ಣಿಗೆ ಇಳಿದಂತೆ ಒಳಗೆ ಇಳಿಯಿತು. ಹೊರತೆಗೆದು ಮೂಸಿದರು. ವಾರ್ಡಿನಲ್ಲಿ ಬ್ಯಾಂಡೇಜು ಬಿಚ್ಚುವ ಮೊದಲೇ ತಿಳಿದುಹೋಗುತ್ತಿದ್ದ ವಾಸನೆ.

"ರೀ," ಎಂದರು, "ಊರವರನ್ನೆಲ್ಲ ಹೊರಗಿಟ್ಟು ಬೀಗ ಹಾಕ್ದೆ. ನನ್ನ ವಾರ್ಡಲ್ಲಿ ನೀವೇ ನೆಂಟರಾಗಿಬಿಟ್ರಲ್ಲ! ಮೂವತ್ತು ವರ್ಷ ಯಾರನ್ನ ಬೈದ್ನೋ ಅವರ ಜೊತೆಗೇ ಮಲಗಿ ಎದ್ದೆನಾ ನಾನು?"

ಮೇಷ್ಟ್ರು ಅಭ್ಯಾಸಬಲದಿಂದ ಬಾಟಲಿಯನ್ನು ಆಕೆಯತ್ತಲೇ ಚಾಚಿದರು. ಅದರಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.

ಮೇಲ್ವಿಚಾರಕರು ಬಂದು ನೋಡಿ ಹೇಳಿದ್ದು ಇಷ್ಟು: ಕೊಳೆ ಮೇಲಕ್ಕೆ ಏರುತ್ತಿದೆ. ಅದು ಮುಟ್ಟದ ಜಾಗ ಹುಡುಕಿ ಕತ್ತರಿಸಬೇಕು. ಉಳಿದ ತುದಿಯನ್ನು ವಾರಗಟ್ಟಲೆ ನೀರಿಲ್ಲದೆ, ಮಣ್ಣಿಲ್ಲದೆ ಒಣಗಲು ಬಿಟ್ಟರೆ ಬೇರು ಬಂದರೂ ಬರಬಹುದು. ತಡಮಾಡಿದರೆ ಇಡೀ ಅಜ್ಜ ಹೋದಂತೆ. ಆದರೆ ಬಳಗದ ಒಪ್ಪಿಗೆ ಬೇಕು.

ಅಧ್ಯಕ್ಷರು ಒಪ್ಪಲಿಲ್ಲ. ಚಳಿ ಮುಗಿಯುವ ಹೊತ್ತಿಗೆ ಮಂತ್ರಿಗಳು ಉದ್ಯಾನಕ್ಕೆ ಬರುವವರಿದ್ದರು. ಅಜ್ಜನ ಪಕ್ಕದಲ್ಲಿ ಮಂತ್ರಿ, ಮಂತ್ರಿಯ ಪಕ್ಕದಲ್ಲಿ ತಾವು ಎಂಬ ಫೋಟೋ ಅವರ ಮನಸ್ಸಿನಲ್ಲಿ ಆಗಲೇ ಚೌಕಟ್ಟು ಹಾಕಿಸಿಕೊಂಡು ಗೋಡೆಯೇರಿತ್ತು. "ಅದೊಂದು ಮುಗಿದುಹೋಗಲಿ. ಅಲ್ಲಿವರೆಗೆ ಬುಡ ಕಾಣದ ಹಾಗೆ ಹೂಕುಂಡ ಜೋಡಿಸಿ."

"ಗ್ಯಾಂಗ್ರೀನ್ ಆಗಿ ಕೊಳೆತಿರೋ ಕಾಲಿಗೆ ಕಾಲುಚೀಲ ಹಾಕಿ ಅಂತೀರಾ?"

"ಮಾತು ಮಿತಿಯಲ್ಲಿರಲಿ ಸಿಸ್ಟರ್."

"ಮಿತಿಯಲ್ಲಿ ಇರಬೇಕಾದ್ದು ನೀರು! ಅದು ಇರ್ಲಿಲ್ಲ, ಈಗ ಮಾತು ಯಾಕಿರುತ್ತೆ?"

ಸಿಸ್ಟರ್ ಹೊರಬಂದಾಗ ಮೇಲ್ವಿಚಾರಕರು ಬಾಗಿಲ ಬಳಿ ನಿಂತು ತಮ್ಮ ಚಪ್ಪಲಿಯೊಡನೆ ಮಾತಾಡುವವರಂತೆ ಹೇಳಿದರು: "ಗರಗಸ ನನ್ನ ಮೇಜಿನ ಕೆಳಗಿದೆ. ನಾನು ಊಟಕ್ಕೆ ಹೋಗ್ತೀನಿ. ನನ್ನ ಊಟ ಸ್ವಲ್ಪ ನಿಧಾನ."

ಸಿಸ್ಟರ್ ಗರಗಸದ ಹಲ್ಲನ್ನು ಸ್ಪಿರಿಟ್ಟಿನಿಂದ ಒರೆಸಿದರು. ಅಜ್ಜನ ಮೈಗೆ ಹಳೆಯ ಕಂಬಳಿ ಸುತ್ತಿ, ಹಗ್ಗದಿಂದ ಚಾವಣಿಯ ಕಬ್ಬಿಣದ ಸರಳಿಗೆ ಬಿಗಿದರು. "ಹಿಡ್ಕೊಳ್ಳಿ" ಎಂದರು ಗಂಡನಿಗೆ. ಮೇಷ್ಟ್ರು ಕಂಬಳಿಯನ್ನು ತಬ್ಬಿ ಕಣ್ಣು ಮುಚ್ಚಿದರು.

"ನೋವಾಗುತ್ತೇನೇ ಅದಕ್ಕೆ?"

"ಇನ್ನೊಂದು ಸಲ ಪಾಪ ಅಂದ್ರೆ ಗರಗಸ ನಿಮ್ಮ ಕಡೆ ತಿರುಗುತ್ತೆ."

ಬುಡದ ಹತ್ತಿರ ಮೊದಲ ಕೊಯ್ತ. ಒಳಗೆಲ್ಲ ಕಂದು ಲೋಳೆ. "ಇದು ಯೋಗದ ಲೋಟ!" ಎಂದು ಸಿಸ್ಟರ್ ಆ ತುಂಡನ್ನು ಒದ್ದರು. ಇನ್ನಷ್ಟು ಮೇಲೆ ಕೊಯ್ದರು. ನಡುವೆ ಅಂಗೈಯಗಲ ಕಂದು. "ಇದು ಬ್ಯಾಂಕಿನ ಲೋಟ, ಬಡ್ಡಿ ಸಮೇತ!" ಮುಳ್ಳು ಚುಚ್ಚಿ ಕೈಯೆಲ್ಲ ರಕ್ತ, ಹಣೆಯಿಂದ ಬೆವರು ಇಳಿದು ಕಣ್ಣುರಿ. ಮತ್ತೂ ಮೇಲೆ ಕೊಯ್ದರೆ ನಾಣ್ಯದಷ್ಟು ಕಂದು. "ಇದು ಅಧ್ಯಕ್ಷರ ಬಾಟ್ಲಿಯಲ್ಲಿ ಉಳಿದದ್ದು!" ಹಗ್ಗಕ್ಕೆ ಜೋತ ಅಜ್ಜ ಈಗ ಕಂಬವಲ್ಲ, ಮೋಟುಗೈಯ ತುಂಡು. ಇನ್ನೊಂದು ಸಲ ಕೊಯ್ಯಬೇಕು. ಅದರಲ್ಲೂ ಕೊಳೆಯಿದ್ದರೆ ಇನ್ನು ಕೊಯ್ಯಲು ಏನೂ ಇಲ್ಲ. ಸಿಸ್ಟರ್ ಗರಗಸ ಹಿಡಿದು ಗಂಡನ ಮುಖ ನೋಡಿದರು. ಬಾಯಿಗೆ ಬಂದದ್ದನ್ನು ನುಂಗಿಕೊಂಡರು.

"ಇದು ನಂದು" ಎಂದರು ಮೇಷ್ಟ್ರು ತಾವಾಗಿಯೇ. "ಕೊಯ್ಯಿ."

ಒಳಗೆ ಸೌತೆಕಾಯಿಯಂತೆ ತಿಳಿಹಸಿರು. ಒಂದು ಚುಕ್ಕೆಯೂ ಇರಲಿಲ್ಲ.

ಅಷ್ಟರಲ್ಲಿ ಸುದ್ದಿ ಮುಟ್ಟಿ ಅಧ್ಯಕ್ಷರು ಓಡಿಬಂದರು, ಹಿಂದೆ ಬಳಗ. ನೆಲದ ತುಂಬ ಬಿದ್ದಿದ್ದ ತುಂಡುಗಳನ್ನು ಕಂಡು ಯೋಗದಾಕೆ ಎದೆ ಹಿಡಿದುಕೊಂಡು ಪಾತಿಯ ಕಟ್ಟೆ ಮೇಲೆ ಕುಕ್ಕರಿಸಿದರು. ಅಲ್ಲೂ ಕಳ್ಳಿಯಿದ್ದುದರಿಂದ ತಕ್ಷಣ ಎದ್ದರು.

"ಕೊಲೆ! ಇದು ಕೊಲೆ!" ಎಂದರು ಅಧ್ಯಕ್ಷರು. "ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತೇನ್ರೀ?"

"ಮೂಗಲ್ಲ ಕೊಯ್ದಿದ್ದು, ಕಾಲು. ಇದಕ್ಕೆ ಬರುತ್ತೆ. ನೀವು ಸುಮ್ನಿದ್ರೆ!"

"ಏಪ್ರನ್ನು ಬಿಚ್ಚಿಡಿ. ಬಿಲ್ಲೆ ಕೊಡಿ. ಕೀ ಕೊಡಿ."

ಸಿಸ್ಟರ್ ಏಪ್ರನ್ನನ್ನು ರಕ್ತದ ಕಲೆ ಸಮೇತ ಅವರ ಹೆಗಲಿಗೆ ಹಾಕಿದರು. ಒಳಮೈಯ ಬಿಲ್ಲೆ ಅವರ ಕಿವಿಯ ಹತ್ತಿರ ಹೊಳೆಯಿತು: ನಗುತ್ತ ಹೇಳುತ್ತೇವೆ, ಕೇಳಿ. "ಕೀ ಬೇರು ಬಂದ ಮೇಲೆ" ಎಂದರು.

ಮಾರನೆಯ ದಿನದಿಂದ ಸಿಸ್ಟರ್ ಬಾಗಿಲಲ್ಲಿ ಎಲ್ಲರಂತೆ ಟಿಕೆಟ್ಟು ತೆಗೆದುಕೊಂಡು ಒಳಗೆ ಬರತೊಡಗಿದರು. ಸಾರ್ವಜನಿಕರು ಸಾರ್ವಜನಿಕ ಉದ್ಯಾನದಲ್ಲಿ ಕೂತರೆ ಯಾವ ಅಧ್ಯಕ್ಷರೂ ಏಳಿಸುವಂತಿಲ್ಲ. ಕಳ್ಳಿಮನೆಯ ನೆರಳಿನ ಮೂಲೆಯಲ್ಲಿ ಅಜ್ಜನ ತುಂಡನ್ನು ಮಂಚದಂಥ ಹಲಗೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಸ್ಟೂಲು ಹಾಕಿಕೊಂಡರು. ಮೇಷ್ಟ್ರು ನೀರನ್ನು ಮನೆಯಲ್ಲೇ ಕುಡಿದು ಖಾಲಿ ಕೈಯಲ್ಲಿ ಬಂದು ಕೂರಬೇಕು ಎಂದು ಕಟ್ಟಪ್ಪಣೆಯಾಗಿತ್ತು. ಅತಿ ಸ್ನೇಹ ಗತಿ ಕೇಡು ಎಂದು ಅವರು ಈಗ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು, ಗಿಡಕ್ಕೆ ಕೇಳಿಸದಂತೆ.

ಬಳಗ ಸೋಲೊಪ್ಪಲಿಲ್ಲ. ನರ್ಸಮ್ಮನಿಗೆ ತಲೆ ಕೆಟ್ಟಿದೆ ಎಂಬ ಸುದ್ದಿ ಗುಲಾಬಿ ತೋಟ ದಾಟಿ ಟಿಕೆಟ್ ಕೌಂಟರಿನವರೆಗೂ ಹರಡಿತು. ತುಂಡು ಸುಕ್ಕುಗಟ್ಟುತ್ತ ಬಂದಂತೆ ಗಾಜಿಗೆ ಮೂಗು ಒತ್ತಿ ನಿಲ್ಲುವವರು ಹೆಚ್ಚಿದರು. "ಬಾಯಾರಿರುತ್ತೆ ಸಿಸ್ಟರ್, ಸ್ವಲ್ಪ ಚಿಮುಕಿಸಲಾ? ಚಿಮುಕಿಸೋದು ಅಷ್ಟೇ" ಎಂದು ಬ್ಯಾಂಕಿನವರು ಬಾಗಿಲ ಸಂದಿಯಿಂದ ಕೇಳಿದರು. ಅವರಿಗೆ ಸಿಕ್ಕ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಮನೆಗೆ ಹೋಗುವಾಗ ಸಿಸ್ಟರ್ ಒಂದೊಂದು ಸಲ ದಾರಿಯಲ್ಲೇ ನಿಂತುಬಿಡುತ್ತಿದ್ದರು. "ಒಣಗಿಸಿ ಸಾಯಿಸ್ತಿದ್ದೀನೇನ್ರೀ ನಾನು?" ಎಂದು ಗದರಿದಂತೆಯೇ ಕೇಳುತ್ತಿದ್ದರು. ಮೇಷ್ಟ್ರು ಉತ್ತರ ಹೇಳುತ್ತಿರಲಿಲ್ಲ. ಸುಮ್ಮನಿರುವುದನ್ನು ಅವರು ಈಗಷ್ಟೇ ಕಲಿಯುತ್ತಿದ್ದರು.

ಚಳಿ ಇಳಿಯಿತು. ಮೇಲ್ವಿಚಾರಕರು ಒಂದು ಬೆಳಿಗ್ಗೆ ತುಂಡನ್ನು ಮೆಲ್ಲಗೆ ಎತ್ತಿ ಕೊಯ್ದ ಭಾಗವನ್ನು ಬೆಳಕಿಗೆ ಹಿಡಿದರು. ಗಾಯ ತೊಗಲಿನಂತೆ ಗಟ್ಟಿಯಾಗಿತ್ತು. ಅದರ ನಡುವಿನಿಂದ ಅಕ್ಕಿಮೊನೆಯಂಥ ಬಿಳಿ ಬೇರುಗಳು ಇಣುಕಿದ್ದವು.

"ಸಿಸ್ಟರ್, ನೋಡಿದ್ರಾ!"

"ನೋಡಿದೆ. ಮೊದಲು ಕೆಳಗಿಡಿ. ಎಲ್ಲ ಕೈ ಹಾಕೋರೇ" ಎಂದ ಸಿಸ್ಟರ್ ಅತ್ತ ತಿರುಗಿ ಮೂಗು ಒರೆಸಿಕೊಂಡರು. ಬೀಗದ ಕೈಯನ್ನು ಅವರಾಗಿ ಕೊಡಲಿಲ್ಲ, ಯಾರೂ ಕೇಳಲೂ ಇಲ್ಲ.

ಮಂತ್ರಿಗಳು ಬಂದ ದಿನ ಅಜ್ಜ ಒಣಮರಳಿನ ಕುಂಡದಲ್ಲಿ ಸೊಂಟದೆತ್ತರಕ್ಕೆ ನಿಂತಿದ್ದ. ಅಧ್ಯಕ್ಷರು ಬೆಳಿಗ್ಗೆಯೇ ಒಗೆಸಿದ ಏಪ್ರನ್ನು ತಂದು ಸಿಸ್ಟರಿಗೆ ತಾವೇ ತೊಡಿಸಿದರು, ಬಿಲ್ಲೆಯನ್ನು ಎಲ್ಲರಿಗೂ ಕಾಣುವಂತೆ ಹೊರಗೆ ಸಿಕ್ಕಿಸಿದರು. ಆಮೇಲೆ ಮೈಕು ಹಿಡಿದು, ಸಾವಿನ ದವಡೆಯಲ್ಲಿದ್ದ ಅಜ್ಜನನ್ನು ನಮ್ಮ ಬಳಗದ ಪ್ರೀತಿಯೇ ಬದುಕಿಸಿತು ಎಂದರು. ಬಳಗ ಚಪ್ಪಾಳೆ ತಟ್ಟಿತು. ಸಿಸ್ಟರ ಕೆನ್ನೆ ಕೆಂಪಾಗುತ್ತಿರುವುದನ್ನು ಕಂಡ ಮೇಷ್ಟ್ರ ಕೈ ತಾನಾಗಿಯೇ ಲೋಟ ಹುಡುಕಿತು.

ಆಗ ಪತ್ರಿಕೆಯ ಹುಡುಗಿಯೊಬ್ಬಳು ಬಿಲ್ಲೆಯನ್ನು ಓದಿಕೊಂಡು ಮುಂದೆ ಬಂದಳು. ಅವಳ ಕಣ್ಣೂ ಒದ್ದೆಯಾಗಿತ್ತು. ತಲೆಬರಹ ಆಗಲೇ ಹೊಳೆದಿತ್ತೆಂದು ಮುಖವೇ ಹೇಳುತ್ತಿತ್ತು.

"ಅಮ್ಮಾ, ಪ್ರೀತಿಯಿಂದ ಮಾತಾಡಿಸಿದ್ರೆ ಗಿಡಗಳಿಗೂ ಅರ್ಥವಾಗುತ್ತಂತೆ. ಇಷ್ಟು ದಿನ ಪಕ್ಕದಲ್ಲೇ ಕೂತಿದ್ರಲ್ಲ, ಇದರ ಜೊತೆ ಏನೇನು ಮಾತಾಡಿದ್ರಿ?"

"ಇದನ್ನ ನಾನ್ಯಾಕೆ ಮಾತಾಡಿಸ್ಲಿ?" ಎಂದರು ಸಿಸ್ಟರ್. "ಇದೇನು ತಪ್ಪು ಮಾಡಿದೆ?"